ಕೆಳಗಿನ ಬೆರಳು

ಮೊನ್ನೆ ನೀನು ಫೋನಿಗೆ ಕಳಿಸಿದ ಫೋಟೋ ನೋಡಿದೆ ಮಗಾ. ಬೊಂತೆ ಲಕ್ಷಣವಾಗಿ ಬಂದಿದೆ. ನನ್ನ ಹಳೇ ಹಸಿರು ಸೀರೆ, ನಿಮ್ಮಮ್ಮನ ವಾಯಿಲ್ ಸೀರೆ, ನಿಮ್ಮ ತಾತನ ಪಂಚೆ, ಒಂದೊಂದನ್ನೇ ಗುರುತು ಹಿಡಿಯುತ್ತಾ ಹೋದೆ. ಹಾಗೆ ನೋಡುತ್ತಾ ಮೂಲೆಗೆ ಬಂದಾಗ ಬಟ್ಟೆ ಹಿಡಿದಿದ್ದ ನಿನ್ನ ಎಡಗೈ ಕಂಡಿತು. ತೋರುಬೆರಳ ತುದಿಗೆ ಪ್ಲಾಸ್ಟರು. ಪಕ್ಕದ ನಡುಬೆರಳಿಗೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಫೋನು ಮಾಡಿ ಕೇಳಿದರೆ, “ಅಭ್ಯಾಸ ಆಗುತ್ತೆ ಬಿಡಜ್ಜಿ” ಅಂದುಬಿಟ್ಟೆ.

ಆಗುವುದಿಲ್ಲ ಕಣೇ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಬೆರಳು ಜಡ್ಡುಗಟ್ಟುತ್ತದೆ. ಜಡ್ಡುಗಟ್ಟಿದ ಬೆರಳಿಗೆ ಸೂಜಿ ಬಂದದ್ದು ತಿಳಿಯುವುದಿಲ್ಲ. ತಿಳಿಯದೇ ಹೋದರೆ ಇನ್ನೂ ಆಳಕ್ಕೆ ಚುಚ್ಚಿಸಿಕೊಳ್ಳುತ್ತೀಯ. ಐವತ್ತು ವರ್ಷ ಹೊಲಿದವಳು ಹೇಳುತ್ತಿದ್ದೇನೆ. ಕಾಫಿ ಲೋಟ ಬಿಸಿಯಾಗಿದೆಯೋ ಆರಿದೆಯೋ ಅಂತ ನನ್ನ ಎಡಗೈ ತೋರುಬೆರಳು ಈಗ ಹೇಳಲಾರದು. ಅದರ ಕಥೆ ಆಮೇಲೆ ಹೇಳುತ್ತೇನೆ.

ನೀನು ಈಗ ಕೌದಿ ಅನ್ನುತ್ತೀಯ. ಮೈಸೂರಿನ ಅಂಗಡಿಗಳಲ್ಲಿ ಆ ಹೆಸರಿಗೇ ಬೆಲೆ ಇರಬೇಕು. ಪಿರಿಯಾಪಟ್ಟಣದ ಕಡೆಯ ನನ್ನ ತವರಿನಲ್ಲೂ, ಮದುವೆಯಾಗಿ ಬಂದ ಈ ಹುಣಸೂರಿನ ಹಳ್ಳಿ ಮನೆಯಲ್ಲೂ ನಮಗದು ಬೊಂತೆಯೇ. ಕೌದಿ ಅನ್ನುವವರು ಧಾರವಾಡ, ಗದಗ, ಬೆಳಗಾವಿಯ ಕಡೆಯವರು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಕವಂದಿ ಅನ್ನುತ್ತಾರೆ. ಅವರ ಕೆಲಸ ನೋಡುವಂಥದ್ದು. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಹೊಲಿಯುತ್ತಾ, ಸುತ್ತು ಬಂದು, ಮತ್ತೆ ಒಳಸುತ್ತು ಹಿಡಿದು, ಕಡೆಗೆ ನಟ್ಟನಡುವೆ ಬಂದು ದಾರ ಕಡಿಯುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಿಸಿದ ಬಟ್ಟೆಯ ತುಂಡು ಇಟ್ಟು ಹೊಲಿದು ಅದಕ್ಕೆ ಫೂಲ ಅನ್ನುತ್ತಾರೆ, ಅಂದರೆ ಹೂವು. ಹೂವಿಲ್ಲದ ಕವಂದಿ ಬೆತ್ತಲೆ ಅನ್ನುವುದು ಅವರ ಲೆಕ್ಕ. ನಮ್ಮದರಲ್ಲಿ ಅಂಥ ಸೊಗಸು ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಬಿಸಿಲು ಬಲಿತು, ಒಗೆದ ಹಳೇ ಸೀರೆ ಒಂದೇ ಹಗಲಿಗೆ ಗರಿಗರಿ ಒಣಗುತ್ತಿತ್ತು. ಹಜಾರದಲ್ಲಿ ಹರಡಿಕೊಂಡು ಅತ್ತೆ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಸಾಲು ಹಿಡಿದರೆ ಯುಗಾದಿಯ ಹೊತ್ತಿಗೆ ಎರಡು ಬೊಂತೆ ಆಗುತ್ತಿದ್ದವು. ಬಸುರಿ, ಬಾಣಂತಿ ಇದ್ದ ವರ್ಷ ಇನ್ನೊಂದು ಚಿಕ್ಕದು.

ಹೊಲಿಗೆ ಕಲಿಸುವವರು ಮೊದಲು ಬಲಗೈ ನೋಡುತ್ತಾರೆ. ಸೂಜಿ ಹೇಗೆ ಹಿಡಿದೆ, ಅಂಗುಸ್ತಾನ ಹಾಕಿಕೊಂಡೆಯಾ ಅಂತ. ಬಲಗೈಯ ನೋವೇ ಬೇರೆ. ಸೂಜಿಯ ಕಣ್ಣಿರುವ ತುದಿ ನಡುಬೆರಳಿಗೆ ಒತ್ತಿ ಒತ್ತಿ ಕುಳಿ ಬೀಳುತ್ತದೆ. ಆ ಬೆರಳಿಗಿರುವುದು ತಳ್ಳುವ ಕೆಲಸ ಒಂದೇ, ಹಾಗಾಗಿ ತಗಡಿನ ಟೋಪಿ ಹಾಕಿಬಿಟ್ಟರೆ ಅದರ ಚಿಂತೆ ಮುಗಿಯಿತು. ಬೊಂತೆಯ ಅಡಿಯಲ್ಲಿ ಇರುವ ಎಡಗೈ ಬೆರಳಿಗೆ ಹಾಗೆ ಮಾಡಲಾಗುವುದಿಲ್ಲ. ಅದು ನಾಲ್ಕೈದು ಪದರದ ಕೆಳಗೆ ಕತ್ತಲಲ್ಲಿ ಕೂತಿರುತ್ತದೆ. ಸೂಜಿ ಪೂರ್ತಿ ಇಳಿಯಿತೋ ಇಲ್ಲವೋ ಅಂತ ಹೇಳುವುದು ಅದೇ. ಮೊನೆ ಸೋಕಿದ ಕೂಡಲೇ ಅದು ಬಟ್ಟೆಯನ್ನು ಮೇಲಕ್ಕೆ ಒತ್ತಬೇಕು, ಅದೇ ಗಳಿಗೆಯಲ್ಲಿ ಬಲಗೈ ಸೂಜಿಯನ್ನು ಓರೆ ಮಾಡಿ ಮೇಲಕ್ಕೆತ್ತಬೇಕು. ಕೆಳಗಿನ ಬೆರಳೇ ಹೊಲಿಯುವವಳ ಕಣ್ಣು. ಕಣ್ಣಿಗೆ ಬಟ್ಟೆ ಕಟ್ಟಿದರೆ ಹೊಲಿಯುವುದು ಹೇಗೆ? ಕಟ್ಟದೇ ಇದ್ದರೆ ಚುಚ್ಚುತ್ತದೆ. ಈ ಎರಡರ ನಡುವೆ ದಾರಿ ಹುಡುಕುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆಯಿತು.

ಯಾವಾಗ ಚುಚ್ಚುತ್ತದೆ ಅಂತ ಗಮನವಿಟ್ಟು ನೋಡಿದ್ದೀಯಾ? ಮೇಲಿನ ಮೂರು ಪದರದಲ್ಲಿ ಸೂಜಿ ಬಿಗಿಯಾಗಿ ಇಳಿಯುತ್ತದೆ, ನೀನು ಬಲ ಹಾಕುತ್ತೀಯ. ಕಡೇ ಪದರ ದಾಟಿದ್ದೇ ತಡೆ ತಪ್ಪಿ ಸೂಜಿ ಧುಮುಕುತ್ತದೆ, ಹಾಕಿದ ಬಲವೆಲ್ಲ ಬೆರಳ ತುದಿಗೆ ಬಂದು ಬೀಳುತ್ತದೆ. ಕೆಸರಲ್ಲಿ ಸಿಕ್ಕ ಗಾಡಿಯನ್ನು ನಾಲ್ಕು ಜನ ತಳ್ಳುವಾಗ ಚಕ್ರ ಎದ್ದ ಕೂಡಲೇ ತಳ್ಳುತ್ತಿದ್ದವರೇ ಮುಗ್ಗರಿಸುತ್ತಾರಲ್ಲ, ಹಾಗೆ. ಅದಕ್ಕೇ ಕಡೇ ಪದರ ಬರುವ ಹೊತ್ತಿಗೆ ಕೈ ಹಗುರ ಮಾಡು ಅನ್ನುವುದು. ಕಡೇ ಪದರ ಬಂತು ಅಂತ ತಿಳಿಯುವುದು ಹೇಗೆ ಅಂತ ಕೇಳಬೇಡ, ಅದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ. ಒಂದು ಸಂಜೆ ಹಳೇ ಪಂಚೆಯ ತುಂಡನ್ನು ಎರಡು ಪದರ ಮಡಿಸಿಕೊಂಡು, ಕಣ್ಣು ಮುಚ್ಚಿ, ದಾರ ಇಲ್ಲದ ಸೂಜಿಯಲ್ಲಿ ಬರೀ ಇಳಿಸುವುದು ಎತ್ತುವುದು ಮಾಡು. ಬೆರಳಿಗೆ ಇರುವೆ ಹತ್ತಿದ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿಸಬೇಕು. ಇರುವೆ ಕಚ್ಚಿತು ಅನ್ನಿಸಿದರೆ ತಡವಾಯಿತು. ಎರಡು ಪದರದಲ್ಲಿ ಕೈ ಕುದುರಿದ ಮೇಲೆ ನಾಲ್ಕಕ್ಕೆ ಹೋಗು. ನೀನು ಮೊದಲನೇ ದಿನವೇ ಆರು ಪದರ ಹಾಕಿಕೊಂಡು ಕೂತಿದ್ದೀಯ ಅಂತ ಫೋಟೋದಲ್ಲಿ ಅಂಚು ನೋಡಿಯೇ ಗೊತ್ತಾಯಿತು.

ಇನ್ನೊಂದು. ಬೆರಳಿನ ಮೆತ್ತನೆಯ ತುದಿಯನ್ನು ಸೂಜಿಯ ಎದುರಿಗೆ ನೇರ ಇಟ್ಟುಕೊಳ್ಳಬೇಡ. ಬೆರಳನ್ನು ತುಸು ಹೊರಳಿಸಿ ಪಕ್ಕೆಯ ಚರ್ಮ ಕೊಡು. ಅಲ್ಲಿ ಸೋಕಿದ್ದು ತಿಳಿಯುತ್ತದೆ, ಸೂಜಿ ಜಾರಿ ಆಚೆ ಹೋಗಲು ಜಾಗವೂ ಇರುತ್ತದೆ. ಉಗುರು ಬೆಳೆಸಿಕೊಂಡಿದ್ದರೆ ಕತ್ತರಿಸು. ಉಗುರಿನ ಅಡಿಗೆ ಸೂಜಿ ನುಗ್ಗಿದರೆ ಅವತ್ತು ರಾತ್ರಿ ನಿದ್ದೆಯ ಆಸೆ ಬಿಡಬೇಕು. ದಿನಾ ಒಂದೇ ಬೆರಳನ್ನು ಕೆಳಗೆ ಇಡಬೇಡ. ಇವತ್ತು ತೋರುಬೆರಳು, ನಾಳೆ ನಡುಬೆರಳು. ನಡುಬೆರಳು ಮೊದಮೊದಲು ದಡ್ಡನ ಹಾಗೆ ಆಡುತ್ತದೆ, ವಾರಕ್ಕೆ ಕಲಿಯುತ್ತದೆ. ಮನೆಯಲ್ಲಿ ಇಬ್ಬರು ಸೊಸೆಯಂದಿರಿದ್ದರೆ ಅಡುಗೆಮನೆ ಹಂಚಿಕೊಳ್ಳುವುದಿಲ್ಲವೇ?

ಬೆರಳಿಗೆ ಏನು ಸುತ್ತಿಕೊಳ್ಳುವುದು ಅಂತ ನೀನು ಕೇಳಿದ್ದೆ. ಔಷಧಿ ಅಂಗಡಿಯಲ್ಲಿ ಬಟ್ಟೆಯ ಅಂಟುಪಟ್ಟಿ ಸುರುಳಿ ಸಿಗುತ್ತದಲ್ಲ, ಗಾಯದ ಹತ್ತಿಯ ಮೇಲೆ ಹಾಕುತ್ತಾರೆ, ಅದನ್ನು ಎರಡು ಸುತ್ತು ಹಾಕು. ಎರಡೇ. ನಾಲ್ಕು ಸುತ್ತು ಹಾಕಿದರೆ ಬೆರಳಿಗೆ ಕಣ್ಣು ಹೋಯಿತು. ಬಿಗಿದು ಕಟ್ಟಿ ತುದಿ ಕೆಂಪಾಗುವ ಹಾಗೂ ಮಾಡಿಕೊಳ್ಳಬೇಡ. ಬೆವರಿಗೆ ಒದ್ದೆಯಾದರೆ ಬಿಚ್ಚಿ ಎಸೆದು ಹೊಸದು ಸುತ್ತು, ಒದ್ದೆ ಪಟ್ಟಿಯ ಒಳಗೆ ಚರ್ಮ ಬೆಳ್ಳಗೆ ನೆನೆದು ಇನ್ನೂ ಬೇಗ ತೂತು ಬೀಳುತ್ತದೆ. ಅದಕ್ಕಿಂತ ಒಳ್ಳೆಯದು ಮೆತ್ತನೆ ಚರ್ಮದ ತುಂಡು. ಚಮಚವೂ ಆಗುತ್ತದೆ. ನಗಬೇಡ. ಚಿಕ್ಕ ಟೀ ಚಮಚವನ್ನು ಬೊಂತೆಯ ಅಡಿಯಲ್ಲಿ ಮಗುಚಿ ಹಿಡಿದರೆ ಸೂಜಿ ಅದರ ಉಬ್ಬಿಗೆ ತಾಗಿ ಜಾರಿ ತಾನಾಗಿ ಮೇಲಕ್ಕೆ ತಿರುಗುತ್ತದೆ, ಕಿಣ್ ಅನ್ನುವ ಸದ್ದು ಬರುತ್ತದೆ. ಬೆರಳ ಬದಲು ಕಿವಿಯಲ್ಲಿ ಹೊಲಿದ ಹಾಗೆ. ಬೆರಳಿಗೆ ಗಾಯವಾಗಿ ಕೆಲಸ ನಿಲ್ಲಿಸಲಾಗದ ದಿನಕ್ಕೆ ಚಮಚ ಒಳ್ಳೆಯದು. ದಿನಾ ಅದನ್ನೇ ನೆಚ್ಚಿಕೊಂಡರೆ ಹೊಲಿಗೆ ಸಾಲು ಸೊಟ್ಟ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಿನ್ನದು ಬೇರೆ ಇರಬಹುದು.

ಚರ್ಮ ಅಂದೆನಲ್ಲ. ನಮ್ಮ ಹುಣಸೂರು ಒಂದು ಕಾಲಕ್ಕೆ ಚರ್ಮದ ಊರು ಅಂತ ನಿನಗೆ ಗೊತ್ತಿಲ್ಲ. 19ನೇ ಶತಮಾನದಲ್ಲಿ ಮದ್ರಾಸಿನ ಸೈನ್ಯಕ್ಕೆ ಇಲ್ಲಿಂದ ಬೂಟು, ಚೀಲ, ಕಂಬಳಿ, ಗಾಡಿ ಹೋಗುತ್ತಿದ್ದವು. ಚರ್ಮ ಹದ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. 1860ರ ದಶಕದಲ್ಲಿ ಸರ್ಕಾರ ಅದನ್ನು ಮುಚ್ಚಿತು, ಕಸುಬು ಕೈಯಲ್ಲಿ ಉಳಿಯಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪೇಟೆಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮುದುಕರೊಬ್ಬರ ಎಡಗೈ ನೋಡುತ್ತಾ ನಿಂತಿದ್ದೆ. ಹೆಬ್ಬೆರಳಿಗೂ ತೋರುಬೆರಳಿಗೂ ತೆಳ್ಳನೆ ಮೇಕೆ ಚರ್ಮದ ಕುಪ್ಪಸ. “ಯಾಕಜ್ಜಾ ಇದು?” ಅಂದರೆ, “ದಾರ ಎಳೆದೂ ಎಳೆದೂ ಬೆರಳು ಕುಯ್ದು ಹೋಗ್ತದೆ ಕಣವ್ವ, ಚುಚ್ಚೋದಕ್ಕಿಂತ ಕುಯ್ಯೋದು ಕೆಟ್ಟದು” ಅಂದರು. ಕೇಳದೆಯೇ ಅಂಥದೇ ಒಂದು ತುಂಡು ಕತ್ತರಿಸಿ ಕೊಟ್ಟರು. ಅವತ್ತಿನವರೆಗೆ ದಾರ ಕುಯ್ಯುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಕಿರುಬೆರಳು ನೋಡಿಕೊಂಡರೆ, ದಾರ ಸುತ್ತಿ ಜಗ್ಗುವ ಕಡೆ ಕೂದಲೆಳೆಯಷ್ಟು ಸಣ್ಣ ಗೆರೆ, ಅದರೊಳಗೆ ಮಣ್ಣು. ನೀನೂ ನೋಡಿಕೋ.

ಅಂಗುಸ್ತಾನದಲ್ಲಿ ಎರಡು ಥರ. ತುದಿ ಮುಚ್ಚಿದ ಟೋಪಿಯಂಥದ್ದು, ಎರಡೂ ಕಡೆ ತೆರೆದ ಬಳೆಯಂಥದ್ದು. ದರ್ಜಿಗಳು ತೆರೆದದ್ದನ್ನೇ ಹಾಕುತ್ತಾರೆ, ಬೆರಳ ಪಕ್ಕೆಯಿಂದ ತಳ್ಳುತ್ತಾರೆ, ಗಾಳಿಯಾಡುತ್ತದೆ. ಬೊಂತೆಗೆ ನನಗೆ ಮುಚ್ಚಿದ್ದೇ ಸರಿ. ಹೊರಮೈಯಲ್ಲಿ ಸಣ್ಣ ಸಣ್ಣ ಗುಳಿ ಇರುತ್ತವಲ್ಲ, ಅವು ಚೆಂದಕ್ಕಲ್ಲ, ಸೂಜಿಯ ಹಿಂತುದಿ ಜಾರದೆ ಕೂರುವುದಕ್ಕೆ. ಗುಳಿ ಸವೆದು ನುಣ್ಣಗಾದದ್ದನ್ನು, ತೂತು ಬಿದ್ದದ್ದನ್ನು ಇಟ್ಟುಕೊಳ್ಳಬೇಡ. ತೂತಿನೊಳಗೆ ಸೂಜಿಯ ಹಿಂಭಾಗ ತೂರಿ ಉಗುರಿನ ಬುಡಕ್ಕೆ ಹೊಡೆಯುತ್ತದೆ. ಕೈ ಕೆಳಗೆ ಮಾಡಿ ಒದರಿದರೆ ಉದುರಬಾರದು, ಬಿಚ್ಚಲು ತಿರುಚಾಡಲೂಬಾರದು, ಅದೇ ಅಳತೆ. ಹೊಲಿಯುವವರ ಕಸುಬು ಬೆರಳು ನೋಡಿದರೇ ತಿಳಿಯುತ್ತದೆ. ಬೈಲಕುಪ್ಪೆಯಲ್ಲಿ 1961ರಲ್ಲಿ ಟಿಬೆಟಿನವರು ಬಂದು ನೆಲೆಸಿದರಲ್ಲ, ಅಲ್ಲಿ ಒಮ್ಮೆ ಒಬ್ಬ ದರ್ಜಿ ರೇಷ್ಮೆಯ ತುಂಡುಗಳನ್ನು ಕೂಡಿಸಿ ದೇವರ ಪಟ ಹೊಲಿಯುವುದನ್ನು ನೋಡಿದೆ. ಕುದುರೆ ಕೂದಲಿಗೆ ರೇಷ್ಮೆ ಎಳೆ ಸುತ್ತಿದ ಹುರಿಯನ್ನು ಗೆರೆಯ ಮೇಲೆ ಇಟ್ಟು ಕೂರಿಸುತ್ತಿದ್ದ. ಭಾಷೆ ಬರದಿದ್ದರೂ ಅವನು ನನ್ನ ಬೆರಳು ನೋಡಿದ, ನಾನು ಅವನ ಬೆರಳು ನೋಡಿದೆ, ಇಬ್ಬರೂ ನಕ್ಕೆವು.

ಈಗ ನನ್ನ ಬೆರಳಿನ ಕಥೆ.

ನಿಮ್ಮಪ್ಪನಿಗೆ ಆಗ ಮೂರು ವರ್ಷ. ಭಾದ್ರಪದದ ದಿನಗಳು, ಹೊಗೆಸೊಪ್ಪಿನ ಕೆಲಸ ಮೈಮೇಲೆ. ಒಂದು ಕಡೆ ಹೊಲದಿಂದ ಹಸಿ ಸೊಪ್ಪು ಬರುತ್ತಲೇ ಇತ್ತು, ಇನ್ನೊಂದು ಕಡೆ ಬ್ಯಾರನ್ನಿನಿಂದ ಬೆಂದು ಬಂದದ್ದನ್ನು ವಿಂಗಡಿಸಿ ಬೇಲು ಕಟ್ಟಬೇಕು. 1984ರಲ್ಲಿ ನಮ್ಮ ಕಡೆ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ಬೇಲು ಒಪ್ಪವಾಗಿ ಕಾಣಬೇಕು ಅನ್ನುವ ಹಟ ಎಲ್ಲರಿಗೂ ಹತ್ತಿತ್ತು. ನಿಮ್ಮ ತಾತ ಗೋಣಿತಾಟು ಎಳೆದು ಹಿಡಿದರೆ ನಾನು ದಬ್ಬಳದಲ್ಲಿ ಹುರಿ ಹಾಕಿ ಹೊಲಿಯುತ್ತಿದ್ದೆ. ಚರ್ಮದ ತುಂಡು ಎಲ್ಲಿಟ್ಟೆನೋ ಹುಡುಕಲು ಪುರುಸೊತ್ತಿಲ್ಲ. ದಬ್ಬಳ ತಾಟು ದಾಟಿ ತೋರುಬೆರಳ ತುದಿಗೆ ಇಳಿಯಿತು. ಒಂದು ತೊಟ್ಟು ರಕ್ತ. ಬಾಯಲ್ಲಿಟ್ಟು ಚೀಪಿ, ಸೆರಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದೆ. ಮಾರನೇ ದಿನ ಹಸಿ ಸೊಪ್ಪು ಕಡ್ಡಿಗೆ ಕಟ್ಟುವ ಕೆಲಸ. ಕೈಗೆಲ್ಲ ಸೊಪ್ಪಿನ ಕರೀ ಅಂಟು, ಸೋಪಿಗೂ ಬಿಡದ ಅಂಟು. ಅದರ ಮೇಲೆ ಮಣ್ಣು.

ಮೂರನೇ ರಾತ್ರಿ ಬೆರಳಲ್ಲಿ ಗುಂಡಿಗೆ ಹೊಡೆದುಕೊಂಡ ಹಾಗೆ ಪಟಪಟ ಅನ್ನತೊಡಗಿತು. ಅತ್ತೆ ಉಗುರುಸುತ್ತು ಅಂದು ನಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸಿದರು. ಅಂಗಡಿಯವನೊಬ್ಬ ಕೊಟ್ಟ ಮಾತ್ರೆ ಎರಡು ದಿನ ನುಂಗಿದೆ. ಐದನೇ ದಿನಕ್ಕೆ ಬೆರಳು ಬಾಳೆಕಾಯಿಯಂತೆ ಬಿಗಿದು, ಅಂಗೈಯಿಂದ ಮಣಿಕಟ್ಟಿನ ಕಡೆ ಕೆಂಪು ಗೆರೆ ಹತ್ತಿತ್ತು. ಡಾಕ್ಟರು ನೋಡಿದ ಕೂಡಲೇ ಕುಯ್ದು ಕೀವು ತೆಗೆದರು. ಬೆರಳ ತುದಿಯ ಮಾಂಸ ಒಳಗೆ ಕಿತ್ತಳೆ ಹಣ್ಣಿನ ಹಾಗಂತೆ, ಪುಟ್ಟ ಪುಟ್ಟ ಗೋಡೆಗಳಂತೆ. ಕೀವು ತುಂಬಿದರೆ ಹರಡಿಕೊಳ್ಳಲು ಜಾಗವಿಲ್ಲದೆ ಒಳಗೊಳಗೇ ಒತ್ತುತ್ತದೆ, ರಕ್ತ ಓಡಾಡಲು ಬಿಡುವುದಿಲ್ಲ, ಬಿಟ್ಟರೆ ಮೂಳೆಗೇ ಇಳಿಯುತ್ತದೆ. ಅದಕ್ಕೇ ಆ ಪಟಪಟ. “ಮೊದಲನೇ ರಾತ್ರಿಯೇ ಬರಬೇಕಿತ್ತಮ್ಮ” ಅಂದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಅಕ್ಷರಶಃ ಆಯಿತು. ಗಾಯ ಮಾಯಿತು. ಬೆರಳ ತುದಿಯ ಸ್ಪರ್ಶ ಬರಲಿಲ್ಲ.

ಆಮೇಲಿನ ಯುಗಾದಿಗೆ ಬೊಂತೆ ಹಾಕಿಕೊಂಡು ಕೂತಾಗಲೇ ನನಗೆ ಏನು ಕಳೆದುಕೊಂಡೆ ಅಂತ ತಿಳಿದದ್ದು. ಸೂಜಿ ಇಳಿಸುತ್ತೇನೆ, ಕೆಳಗಿನಿಂದ ಸುದ್ದಿಯೇ ಇಲ್ಲ. ಬಟ್ಟೆ ಮಗುಚಿ ನೋಡಿದರೆ ರಕ್ತ. ಮೂವತ್ತು ದಾಟಿದವಳು ಎಳೇ ಹುಡುಗಿಯ ಹಾಗೆ ನಡುಬೆರಳಿಗೆ ಅ ಆ ಇ ಈ ಕಲಿಸಬೇಕಾಯಿತು.

ಅದಕ್ಕೇ ಕೇಳು. ಸೂಜಿ ಚುಚ್ಚಿದರೆ ಬಾಯಿಗಿಡಬೇಡ. ಹರಿಯುವ ನೀರಿಗೆ ಹಿಡಿದು ಸೋಪು ಹಚ್ಚಿ ತೊಳೆ, ಒಣ ಬಟ್ಟೆಯಲ್ಲಿ ಒತ್ತಿ ಹಿಡಿ, ಪಟ್ಟಿ ಹಾಕು. ಸಣ್ಣ ಚುಚ್ಚು ಎರಡು ದಿನಕ್ಕೆ ಮರೆತುಹೋಗುತ್ತದೆ. ದಿನ ಕಳೆದ ಹಾಗೆ ನೋವು ಕಡಿಮೆಯಾಗದೆ ಏರಿದರೆ, ರಾತ್ರಿ ಪಟಪಟ ಹೊಡೆದರೆ, ಬೆರಳು ಮಡಿಸಲು ನೆಟ್ಟಗೆ ಮಾಡಲು ಆಗದಿದ್ದರೆ, ಕೆಂಪು ಮೇಲೆ ಹತ್ತಿದರೆ ನಿಂಬೆಹಣ್ಣು ಹುಡುಕುತ್ತಾ ಕೂರಬೇಡ, ಅವತ್ತೇ ಆಸ್ಪತ್ರೆಗೆ ಹೋಗು. ನಿಂಬೆಹಣ್ಣಿನಿಂದ ತಣ್ಣಗೆ ಹಿತ ಅನ್ನಿಸುವುದು ನಿಜ, ಕೀವಿಗೆ ಅದರ ಪರಿವೆ ಇಲ್ಲ. ಧನುರ್ವಾಯುವಿನ ಸೂಜಿ ಕಡೇ ಸಲ ಯಾವಾಗ ಹಾಕಿಸಿಕೊಂಡೆ ಅಂತ ಜ್ಞಾಪಿಸಿಕೋ. ನಾವು ಟಿಟಿ ಅನ್ನುತ್ತಿದ್ದೆವು, ಈಗ ಟಿಡಿ ಅಂತ ಕೊಡುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರುತ್ತದೆ. ದೊಡ್ಡವರಿಗೆ 10 ವರ್ಷಕ್ಕೊಮ್ಮೆ ಬೇಕು. ಸೂಜಿಯ ಮೊನೆ ಮುರಿದು ಒಳಗೆ ಉಳಿಯಿತು ಅಂತ ಅನುಮಾನ ಬಂದರೆ ಇನ್ನೊಂದು ಸೂಜಿಯಿಂದ ಕೆದಕುವ ಶೂರತನ ಬೇಡ, ಎಕ್ಸ್‌ರೇಯಲ್ಲಿ ಕಾಣುತ್ತದೆ. ನೀನು ರವಿಕೆಗೆ ಆರಿ ವರ್ಕ್ ಕಲಿಯುತ್ತೇನೆ ಅಂದಿದ್ದೆ. ಆರಿ ಸೂಜಿಯ ತುದಿಯಲ್ಲಿ ಕೊಕ್ಕೆ ಇದೆ, ಅದು ಮಾಂಸಕ್ಕೆ ಹೊಕ್ಕು ಸಿಕ್ಕಿಕೊಂಡರೆ ಹಿಂದಕ್ಕೆ ಜಗ್ಗಬೇಡ. ಮೀನಿನ ಗಾಳ ಇದ್ದ ಹಾಗೆ ಅದು.

ನಮ್ಮ ಬೀದಿಯಲ್ಲಿ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರಿದ್ದಾರೆ, ಚೆನ್ನಾಗಿ ಹೊಲಿಯುತ್ತಾರೆ, ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಅವರಿಗೆ ನಾನು ಹೇಳಿರುವುದು ಚಮಚ ಒಂದೇ. ನಿನ್ನ ಜೊತೆ ಹೊಲಿಯಲು ವಯಸ್ಸಾದವರು ಬಂದರೆ ಮೊದಲು ಸಕ್ಕರೆ ಇದೆಯೇ ಅಂತ ಕೇಳು, ಸಂಜೆ ಎಲ್ಲರ ಬೆರಳನ್ನೂ ಒಮ್ಮೆ ನೋಡು.

ಬೆರಳಿಗೆ ಕವಚ ಹಾಕುವುದಕ್ಕಿಂತ ಸೂಜಿಗೆ ದಾರಿ ಸಲೀಸು ಮಾಡುವುದು ಜಾಣತನ. ಬಲ ಹಾಕಬೇಕಾದ ಕಡೆಯೇ ಚುಚ್ಚುವುದು ಅಂದೆನಲ್ಲ? ಹಾಗಾದರೆ ಬಲವೇ ಬೇಡವಾಗುವ ಹಾಗೆ ಮಾಡಿಕೋ. ಹತ್ತು ವರ್ಷ ಉಟ್ಟು ಒಗೆದು ಮೆತ್ತಗಾದ ಹತ್ತಿ ಸೀರೆಯಲ್ಲಿ ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಅಂಗಡಿಯ ಹೊಸ ಬಟ್ಟೆಯಾದರೆ ಗಂಜಿ ಹೋಗುವವರೆಗೆ ಎರಡು ಸಲ ಒಗೆ. ಪಾಲಿಸ್ಟರ್ ಸೀರೆ ಬಣ್ಣಕ್ಕೆ ಮೇಲಿನ ಪದರಕ್ಕೆ ಇರಲಿ, ಒಳಗೆ ಬೇಡ, ಸೂಜಿಯನ್ನು ಕಚ್ಚಿ ಹಿಡಿಯುತ್ತದೆ. ಸೀರೆಯ ಫಾಲು, ಅಂಗಿಯ ಕಾಲರು, ಹಳೇ ಹೊಲಿಗೆಯ ದಪ್ಪ ಸಂದು, ಕೊಕ್ಕೆ, ಗುಂಡಿ ಎಲ್ಲ ಮೊದಲೇ ಬಿಚ್ಚಿ ತೆಗೆ. ಎಂಟು ಪದರ ಒಂದರ ಮೇಲೊಂದು ಕೂತಿರುವ ಒಂದೇ ಒಂದು ಸಂದು ಸಾಕು, ಸೂಜಿ ಮುರಿಯಲು. ಮುರಿದ ತುಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲು ಬರುವುದಿಲ್ಲ. ನನ್ನ ಕನ್ನಡಕದ ಗಾಜಿನ ಮೇಲೆ ಒಂದು ಗೀರು ಇದೆ, ಬಂದಾಗ ತೋರಿಸುತ್ತೇನೆ.

ಸೂಜಿಯ ನಂಬರು ಹೆಚ್ಚಾದಷ್ಟು ಸೂಜಿ ಸಣ್ಣ. ಫಾಲಿಗೆ 9 ಇರಲಿ, ಬೊಂತೆಗೆ 4 ಅಥವಾ 5. ತುಂಬ ಸಣ್ಣದು ಬಾಗುತ್ತದೆ, ತುಂಬ ದಪ್ಪದ್ದಕ್ಕೆ ಬಲ ಬೇಕು. ಬಾಗಿದ್ದನ್ನು ನೆಟ್ಟಗೆ ಮಾಡಿಕೊಂಡು ಹೊಲಿಯುವ ಜಿಪುಣತನ ನನ್ನಲ್ಲೂ ಇತ್ತು, ನಿನಗೆ ಬೇಡ. ಮೊನೆಯನ್ನು ಹಳೇ ನೈಲಾನ್ ಸೀರೆಯ ಮೇಲೆ ಹಗುರವಾಗಿ ಎಳೆದು ನೋಡು, ಎಳೆ ಕಿತ್ತು ಬಂದರೆ ಮೊನೆ ಕೆಟ್ಟಿದೆ ಅಂತ. ನಮ್ಮ ಕಾಲದವರು ಸೂಜಿಯನ್ನು ಆಗಾಗ ತಲೆಕೂದಲಲ್ಲಿ ಆಡಿಸಿಕೊಳ್ಳುತ್ತಿದ್ದರು, ಎಣ್ಣೆಯ ಪಸೆಗೆ ಸೂಜಿ ಜಾರಲಿ ಅಂತ. ನಿನ್ನ ತಲೆಯಲ್ಲಿ ಎಣ್ಣೆಯೇ ಇರುವುದಿಲ್ಲ. ನಿನಗೆ ಜೇನುಮೇಣ ಸರಿ. ಎಚ್.ಡಿ. ಕೋಟೆಯ ಕಡೆ ಜೇನುಕುರುಬರು ಕಾಡಿನಿಂದ ತರುವ ಜೇನಿನ ಜೊತೆ ಮೇಣವೂ ಬರುತ್ತದೆ. ಒಂದು ಉಂಡೆ ಸಿಕ್ಕರೆ ವರ್ಷಗಟ್ಟಲೆ ಬಾಳುತ್ತದೆ. ದಾರವನ್ನು ಉಂಡೆಯ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದಿಲ್ಲ, ಜಗ್ಗುವ ಶ್ರಮ ಅರ್ಧ ಇಳಿಯುತ್ತದೆ, ಆ ಚಪ್ಪಲಿ ಹೊಲಿಯುವವರು ಹೇಳಿದ ಕುಯ್ಯುವ ಕಾಟವೂ ಕಡಿಮೆ. ದಾರ ಒಂದೂವರೆ ಮೊಳ ದಾಟಬಾರದು. ಸೋಮಾರಿಗೆ ದಾರ ಉದ್ದ ಅಂತ ನಮ್ಮವ್ವ ಬೈಯುತ್ತಿದ್ದಳು. ಸಿಕ್ಕಿಕೊಂಡ ಸೂಜಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯಬೇಡ. ಹಳೇ ಸೈಕಲ್ ಟ್ಯೂಬಿನ ತುಂಡು ಇಲ್ಲವೇ ಒಡೆದ ಬಲೂನು ಬೆರಳುಗಳ ನಡುವೆ ಇಟ್ಟು ಹಿಡಿದರೆ ಸೂಜಿ ಸಲೀಸಾಗಿ ಈಚೆಗೆ ಬರುತ್ತದೆ. ಇದು ನನಗೆ ನಿಮ್ಮಪ್ಪ ಸೈಕಲ್ ಪಂಕ್ಚರ್ ಹಾಕುತ್ತಿದ್ದಾಗ ಹೊಳೆದದ್ದು.

ಕೆ.ಆರ್. ನಗರದ ನಿಮ್ಮತ್ತೆಯನ್ನು ನೋಡು. ಸೀರೆಗೆ ಕುಚ್ಚು ಕಟ್ಟುತ್ತಾಳೆ. ಮದುವೆ ತಿಂಗಳು ಬಂತೆಂದರೆ ರಾತ್ರಿ ಹನ್ನೊಂದಾದರೂ ಎದ್ದೇಳುವುದಿಲ್ಲ. ಅವಳಿಗೆ ಸೂಜಿ ಚುಚ್ಚಿದ್ದಕ್ಕಿಂತ ಜೋಮು ಹಿಡಿದದ್ದೇ ಹೆಚ್ಚು. ಬೆಳಿಗ್ಗೆ ಎದ್ದರೆ ಹೆಬ್ಬೆರಳಿಂದ ಮೂರು ಬೆರಳು ಮರಗಟ್ಟಿ ಲೋಟ ಹಿಡಿಯಲಾಗುವುದಿಲ್ಲ ಅನ್ನುತ್ತಾಳೆ. ಡಾಕ್ಟರು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂದರು, ಪಟ್ಟಿ ಕೊಟ್ಟರು, ಬಿಡುವು ಕೊಡಿ ಅಂದರು. ಪಟ್ಟಿ ಹಾಕಿಕೊಂಡಿದ್ದಾಳೆ, ಬಿಡುವು ಮಾತ್ರ ಕೊಟ್ಟಿಲ್ಲ. ನೀನು ಅರ್ಧ ಗಂಟೆಗೊಮ್ಮೆ ಸೂಜಿ ಕೆಳಗಿಟ್ಟು ಎದ್ದು ನೀರು ಕುಡಿ. ಕೈ ಚಾಚು, ಮುಷ್ಟಿ ಕಟ್ಟು, ಬಿಚ್ಚು. ರಾತ್ರಿ ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು, ಒಣಗಿ ಬಿರಿದ ಚರ್ಮಕ್ಕೆ ದಾರವೂ ಸಿಕ್ಕಿಕೊಳ್ಳುತ್ತದೆ, ಕೊಳೆಯೂ ಇಳಿಯುತ್ತದೆ. ಹೊಲಿಯುವ ಮುಂಚೆ ಬೇಡ, ಸೂಜಿ ಜಾರಿ ಬಟ್ಟೆಗೂ ಕಲೆ. ಕಲೆ ಅಂದಮೇಲೆ ನೆನಪಾಯಿತು, ಬಟ್ಟೆಗೆ ರಕ್ತ ಆದರೆ ತಣ್ಣೀರಲ್ಲೇ ಉಜ್ಜು, ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ.

ಸಂಜೆ ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು, ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಟ್ಟು ಅವರೇ ಎತ್ತಿಕೊಳ್ಳಲಿ ಅಂತ ನಮ್ಮತ್ತೆ ಹೇಳುತ್ತಿದ್ದರು. ಜಗಳವಾಗುತ್ತದೆ, ಲಕ್ಷ್ಮಿ ಹೋಗುತ್ತಾಳೆ ಅಂತ. ನೀನು ನಗುತ್ತೀಯ. ನಾನೂ ನಗುತ್ತಿದ್ದೆ. ಬುಡ್ಡಿ ದೀಪದ ಬೆಳಕಲ್ಲಿ ಇಬ್ಬರ ಕೈಗಳ ನಡುವೆ ಸೂಜಿಯ ಮೊನೆ ಯಾವ ಕಡೆಗಿದೆ ಅಂತ ಯಾರಿಗೆ ಕಾಣುತ್ತಿತ್ತು? ಲಕ್ಷ್ಮಿಯ ಹೆಸರು ಹೇಳಿದರೆ ಮಾತು ಕೇಳುತ್ತಾರೆ, ಬೆರಳಿನ ಹೆಸರು ಹೇಳಿದರೆ ಕೇಳುವುದಿಲ್ಲ ಅಂತ ಅವರಿಗೆ ಗೊತ್ತಿದ್ದಿರಬೇಕು. ನಿನ್ನ ಮನೆಯ ದೀಪ ಎಷ್ಟೇ ಪ್ರಖರವಾಗಿರಲಿ, ಎಂಟರ ಮೇಲೆ ಬೊಂತೆ ಮುಟ್ಟಬೇಡ. ದಣಿದ ಕೈ ಕಡೇ ಪದರದಲ್ಲಿ ಹಗುರಾಗುವುದಿಲ್ಲ.

ಹುಣಸೂರಿಂದ ಮೈಸೂರಿಗೆ ಬರುವವರ ಕೈಯಲ್ಲಿ ಒಂದು ಬಿಸ್ಕತ್ತು ಡಬ್ಬಿ ಕಳಿಸುತ್ತಿದ್ದೇನೆ. ಅದರಲ್ಲಿ ನನ್ನ ಹಿತ್ತಾಳೆ ಅಂಗುಸ್ತಾನ ಇದೆ. ನಿನಗೆ ಸಡಿಲ ಆದರೆ ಒಳಗೆ ಬಟ್ಟೆಯ ಪಟ್ಟಿ ಅಂಟಿಸಿಕೋ. ಮೇಣದ ಉಂಡೆ, ಸೈಕಲ್ ಟ್ಯೂಬಿನ ಎರಡು ಬಳೆ, ಆ ಮೇಕೆ ಚರ್ಮದ ತುಂಡು, ಹಳೇ ಸೀರೆಯ ಜರಿಯಂಚಿನ ಸೂಜಿದಿಂಬು. ದಿಂಬಿನೊಳಗೆ ಇರುವುದು ನನ್ನ ತಲೆಯಿಂದ ಉದುರಿದ ಕೂದಲು, ಅಸಹ್ಯಪಡಬೇಡ, ಸೂಜಿಗೆ ತುಕ್ಕು ಹಿಡಿಯುವುದಿಲ್ಲ. ಹೊಲಿಯಲು ಕೂರುವಾಗ ಸೂಜಿ ಎಣಿಸಿಕೊಂಡು ಕೂರು, ಏಳುವಾಗ ಎಣಿಸಿಕೊಂಡು ಏಳು. ಒಂದು ಕಡಿಮೆ ಬಂದರೆ ಅದು ಸಿಗುವವರೆಗೆ ಬೊಂತೆ ಮಡಿಸಬೇಡ. ನೀನು ಹೊಲಿದದ್ದರ ಮೇಲೆ ಯಾರದೋ ಮನೆಯ ಕೂಸು ಮಲಗುತ್ತದೆ. ಡಬ್ಬಿ ಕೈಗೆ ಬಂದ ಕೂಡಲೇ ದಿಂಬಿನ ಸೂಜಿ ಎಣಿಸಿ ಫೋನು ಮಾಡು. ಹನ್ನೆರಡು ಇರಬೇಕು.